ಏನೂ ಆಗಿರಲಿಲ್ಲ, ಈಗಲೂ ಏನೂ ಆಗಿಲ್ಲ: ಸರ್ಕಾರಿ ಆಸ್ಪತ್ರೆಯ 84 ದಿನಕ್ಕೆ ನನ್ನ ನಾಲ್ಕು ಸ್ಟಾರ್

ಮೊಣಕಾಲು ನೋವಿನ ಎಣ್ಣೆ ತಂದು ಹಚ್ಚಿದರೆ ಎಂಟು ದಿನದಲ್ಲಿ ರಿವ್ಯೂ ಬರೆಯಬಹುದು. ನೋವು ಹೋಯ್ತು, ಇಲ್ಲವೇ ದುಡ್ಡು ಹೋಯ್ತು. ನಾನು ಬರೆಯಲು ಕೂತಿರುವ ಸೇವೆಗೆ, ಅಂದರೆ ಲಿವರು ಕೆಡಿಸುವ ಹೆಪಟೈಟಿಸ್ ಸಿ ವೈರಸ್ಸಿನ ಚಿಕಿತ್ಸೆಗೆ, ಆ ಸೌಕರ್ಯ ಇಲ್ಲ. ಔಷಧ ಶುರು ಮಾಡುವ ಹಿಂದಿನ ದಿನ ನನಗೆ ಯಾವ ತ್ರಾಸೂ ಇರಲಿಲ್ಲ. ಮುಗಿಸಿದ ಮರುದಿನವೂ ಹಾಗೇ ಎದ್ದೆ, ಹಾಗೇ ಮಿಲ್ಲಿಗೆ ಹೋದೆ. ಬದಲಾದದ್ದು ಒಂದು ಕಾಗದದ ಮೇಲಿನ ಅಂಕಿ. ಅದಕ್ಕೇ ಈ ರಿವ್ಯೂ ಬರೆಯಲು ಇಷ್ಟು ದಿನ ಹಿಡೀತು.

ನಾನು ಗಂಗಾವತಿ ಕಡೆಯವನು, ರೈಸ್ ಮಿಲ್ಲಿನಲ್ಲಿ ಗುಮಾಸ್ತ. ಸೋನಾ ಮಸೂರಿ ಲೋಡು ಬಂದರೆ ತೂಕ, ತೇವಾಂಶ, ಚೀಲದ ಲೆಕ್ಕ, ಹಮಾಲರ ಕೂಲಿ, ಎಲ್ಲ ನನ್ನ ಪುಸ್ತಕದಲ್ಲಿ. ಆಸ್ಪತ್ರೆಯ ಹೆಸರು ಬರೆಯೋದಿಲ್ಲ. ನಮ್ಮ ಕಡೆಯದೇ ಒಂದು ಸರ್ಕಾರಿ ಆಸ್ಪತ್ರೆ ಅಂತ ತಿಳ್ಕೊಳ್ಳಿ. ಹೆಸರು ಹಾಕಿದರೆ ನಾನ್ಯಾರು ಅಂತ ಅಲ್ಲಿನ ಕೌಂಟರಿನವರಿಗೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತೆ, ಮತ್ತೆ ಅವರ ಬಗ್ಗೆ ನಾಲ್ಕು ಒರಟು ಮಾತೂ ಇದರಲ್ಲಿದೆ.

2023ರ ನವೆಂಬರಿನಲ್ಲಿ ಮಗಳ ಹೆರಿಗೆ. ಸಿಜೇರಿಯನ್ ಆಯ್ತು, ಒಂದು ಬಾಟಲಿ ರಕ್ತ ಬೇಕಾಯ್ತು, ಬದಲಿಗೆ ಮನೆಯವರು ಯಾರಾದರೂ ಕೊಡಿ ಅಂದರು. ಅಳಿಯಂದಿರಿಗೆ ಹಿಂದಿನ ವಾರ ಜ್ವರ ಬಂದು ಹೋಗಿತ್ತು. ನಾನು ತೋಳು ಮಡಚಿದೆ. 51ನೇ ವಯಸ್ಸಿಗೆ ಜೀವನದಲ್ಲಿ ಮೊದಲನೇ ಸಲ ರಕ್ತ ಕೊಟ್ಟದ್ದು. ಬಿಸ್ಕೀಟು, ಫ್ರೂಟಿ ಕೊಟ್ಟರು, ಒಳ್ಳೆ ಗಂಡಸು ಅನ್ನೋ ಹಾಗೆ ಎದೆ ಉಬ್ಬಿಸಿಕೊಂಡು ಹೊರಗೆ ಬಂದೆ. ನಾಲ್ಕನೇ ದಿನ ಫೋನು. "ಒಮ್ಮೆ ಬಂದು ಕೌನ್ಸೆಲರ್‌ನ ಕಾಣ್ರಿ, ಫೋನ್‌ನ್ಯಾಗ ಹೇಳೋದು ಬ್ಯಾಡ." ಆ ಮಾತು ಕೇಳಿದ ಯಾರಿಗೇ ಆಗಲಿ ಮನಸ್ಸಿಗೆ ಬರುವುದು ಒಂದೇ ರೋಗ. ಅವತ್ತು ರಾತ್ರಿ ನಾನು ಊಟ ಮಾಡಲಿಲ್ಲ, ಯಾಕೆ ಅಂತ ಮನೆಯವಳಿಗೆ ಹೇಳಲೂ ಇಲ್ಲ.

ಕೊಟ್ಟ ರಕ್ತಕ್ಕೆ ಐದು ಪರೀಕ್ಷೆ ಮಾಡುತ್ತಾರಂತೆ: ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ. ನನ್ನದು ಮೂರನೆಯದರಲ್ಲಿ ಸಿಕ್ಕಿಬಿದ್ದಿತ್ತು.

ಕೌನ್ಸೆಲರ್ ಹುಡುಗಿ ನನ್ನ ಮಗಳ ವಯಸ್ಸಿನವಳು. ಕೇಳಿದ ಪ್ರಶ್ನೆ ಎಲ್ಲ ಹಳೇ ಕಾಲದವು. ಯಾವಾಗಾದರೂ ರಕ್ತ ಹಾಕಿಸಿಕೊಂಡಿದ್ದೀರಾ? ಜಾತ್ರೆಯಲ್ಲಿ ಹಚ್ಚೆ? ಹಳ್ಳಿ ಡಾಕ್ಟರ್ ಕೈಲಿ ಸೂಜಿ? ನಾನು ಮೂರಕ್ಕೂ ಹೌದು ಅಂದೆ. ಚಿಕ್ಕವನಿದ್ದಾಗ ನಮ್ಮೂರಿಗೆ ಸೈಕಲ್ ಮೇಲೆ ಬರುತ್ತಿದ್ದ ಡಾಕ್ಟರ ಹತ್ತಿರ ಒಂದು ಸ್ಟೀಲ್ ಡಬ್ಬಿ, ಅದರೊಳಗೆ ಒಂದೇ ಗಾಜಿನ ಸಿರಿಂಜು. ಯಾರ ಮನೆಯಲ್ಲಿ ನೀರು ಕುದಿಯಿತೋ ಆ ಮನೆಯವರ ಪುಣ್ಯ. ಆದರೆ ನನ್ನ ಅನುಮಾನ ಇರುವುದು 1996ರ ಮೇಲೆ. ಭತ್ತದ ಟ್ರ್ಯಾಕ್ಟರ್ ಕಾಲುವೆ ಏರಿ ಮೇಲೆ ಪಲ್ಟಿ ಹೊಡೆದು ತೊಡೆ ಮೂಳೆ ಮುರಿದಿತ್ತು, ಮೂರು ಬಾಟಲಿ ರಕ್ತ ಏರಿಸಿದ್ದರು. ಈ ವೈರಸ್ಸನ್ನು ಪತ್ತೆ ಹಚ್ಚಿದ್ದೇ 1989ರಲ್ಲಂತೆ. ಅಲ್ಲಿಯವರೆಗೆ ಅದಕ್ಕೆ ಹೆಸರೂ ಇರಲಿಲ್ಲ, ಎ ಅಲ್ಲದ ಬಿ ಅಲ್ಲದ ಕಾಮಣಿ ಅಂತಿದ್ದರಂತೆ. ನಮ್ಮ ದೇಶದ ಬ್ಲಡ್ ಬ್ಯಾಂಕುಗಳಲ್ಲಿ ಈ ಪರೀಕ್ಷೆ ಕಡ್ಡಾಯ ಆಗಿದ್ದು 2001ರಲ್ಲಿ. ಟ್ರ್ಯಾಕ್ಟರ್ ಐದು ವರ್ಷ ತಡವಾಗಿ ಪಲ್ಟಿ ಆಗಿದ್ದರೆ ನಾನು ಈ ರಿವ್ಯೂ ಬರೆಯುತ್ತಿರಲಿಲ್ಲ. ಯಾರ ಮೇಲೂ ಸಿಟ್ಟಿಲ್ಲ. ಅವತ್ತು ಆ ರಕ್ತ ಸಿಗದೇ ಹೋಗಿದ್ದರೂ ಬರೆಯುತ್ತಿರಲಿಲ್ಲ.

ಅಂದರೆ 27 ವರ್ಷ. ಅಷ್ಟು ವರ್ಷ ಒಳಗೆ ಇದ್ದು ಒಂದು ದಿನಕ್ಕೂ ಬಾಗಿಲು ಬಡಿಯಲಿಲ್ಲ ಅಂದರೆ ಹೇಗೆ ಅಂತ ನಾನು ಡಾಕ್ಟರನ್ನು ಕೇಳಿದೆ. ಸುಸ್ತು ಇರಲಿಲ್ವಾ ಅಂದರು. ಏಪ್ರಿಲ್ ಬಿಸಿಲಲ್ಲಿ, ಹೊಟ್ಟಿನ ಧೂಳಲ್ಲಿ, ರಾತ್ರಿ ಹನ್ನೊಂದಕ್ಕೆ ಲೋಡು ಇಳಿಸಿ ಲೆಕ್ಕ ಬರೆಯುವವನಿಗೆ ಸುಸ್ತು ಇರಲ್ವಾ ಸಾರ್? ಮಿಲ್ಲಿನಲ್ಲಿ ಎಲ್ಲರಿಗೂ ಇದೆ, ಹಾಗಾದರೆ ಎಲ್ಲರಿಗೂ ಈ ರೋಗ ಇರಬೇಕು. ಕಣ್ಣು ಹಳದಿಯಾಗಿರಲಿಲ್ಲ. ಹೊಟ್ಟೆ ಬಾತಿರಲಿಲ್ಲ. ಮೂತ್ರದ ಬಣ್ಣ ಬದಲಾಗಿರಲಿಲ್ಲ.

ಆದರೆ ಮಿಲ್ಲಿನವನಾದ ನನಗೆ ಇದು ಅರ್ಥವಾಗಲು ಬಹಳ ಹೊತ್ತು ಬೇಕಾಗಲಿಲ್ಲ. ಭತ್ತದ ಚೀಲ ನಿಟ್ಟು ಹಚ್ಚಿದಾಗ ಹೊರಗಿನ ಚೀಲ ಯಾವಾಗಲೂ ಚೆನ್ನಾಗೇ ಕಾಣುತ್ತೆ. ಗಾಳಿ ಆಡುತ್ತೆ, ಕಾಳು ಒಣಗಿರುತ್ತೆ, ಬಂಗಾರದ ಬಣ್ಣ. ತೇವ 14ರ ಮೇಲಿದ್ದ ನಾಲ್ಕು ಚೀಲ ನಡುವೆ ಸೇರಿಕೊಂಡಿದ್ದರೆ ಆಟ ಅಲ್ಲಿಂದ ಶುರು. ಒಂದು ಸಲ ಹೀಗೇ ಅನುಮಾನ ಬಂದು, ಕಾಳು ತೆಗೆಯುವ ಕಬ್ಬಿಣದ ಕೊಳವೆಯನ್ನು ನಿಟ್ಟಿನ ನಡುವಿನ ಚೀಲಕ್ಕೆ ಚುಚ್ಚಿ ಎಳೆದೆ. ಕೊಳವೆ ಕೈಗೆ ಬಿಸಿ ಹತ್ತಿತು, ಆಗತಾನೇ ಚಹಾ ಹಾಕಿದ ಲೋಟದ ಹಾಗೆ. ಅಂಗೈಗೆ ಸುರುವಿಕೊಂಡ ಕಾಳಿನ ತುದಿ ಕಂದು, ಹುಳಿ ವಾಸನೆ. ಹೊರಗಿನ ಚೀಲದ ಮೇಲೆ ಹಮಾಲರು ತಲೆ ಇಟ್ಟು ಮಲಗಿದ್ದರು, ಅವರಿಗೆ ಏನೂ ಗೊತ್ತಿಲ್ಲ. ಲಿವರಿಗೆ ನೋವು ಹೇಳುವ ನರ ಒಳಗಿಲ್ಲ, ಮೇಲಿನ ಪೊರೆಯಲ್ಲಿ ಮಾತ್ರ ಅಂತ ಡಾಕ್ಟರು ಹೇಳಿದಾಗ ನನಗೆ ಆ ನಿಟ್ಟೇ ಕಣ್ಣಿಗೆ ಬಂತು.

ಇನ್ನು ಸೇವೆಯ ವಿಷಯ.

2018ರ ಜುಲೈ 28ರಂದು ಕೇಂದ್ರ ಸರ್ಕಾರ ಶುರು ಮಾಡಿದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಮಾತ್ರೆಯೂ ಪುಕ್ಕಟೆ. ಇದು ನನಗೆ ಗೊತ್ತಿರಲಿಲ್ಲ. ಮೊದಲು ಒಂದು ಖಾಸಗಿ ಕಡೆ ಹೋಗಿ ವೈರಲ್ ಲೋಡ್ ಟೆಸ್ಟಿಗೆ (ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ಎಣಿಸುವುದು) ಸಾವಿರಾರು, ಮಾತ್ರೆಗೆ ಹತ್ತಾರು ಸಾವಿರ ಅಂತ ಕೇಳಿ, ಮನೆಯವಳ ಬಳೆ ಕಡೆ ನೋಡಿದವನು ನಾನು. ಸರ್ಕಾರಿ ಕಡೆ ಕಳಿಸಿದ್ದು ಆ ಕೌನ್ಸೆಲರ್ ಹುಡುಗಿಯೇ. ಅವಳಿಗೆ ಬೇರೆಯಾಗಿ ಐದು ಸ್ಟಾರ್.

ಕೌಂಟರಿಗೆ ಎರಡು. ಮೊದಲನೇ ದಿನವೇ, ಸಾಲಿನಲ್ಲಿ ಮೂವತ್ತು ಜನ ನಿಂತಿರುವಾಗ, ಒಳಗಿಂದ ಒಬ್ಬರು ಚೀಟಿ ಎತ್ತಿ ಹಿಡಿದು "ಹೆಪಟೈಟಿಸ್ ಸಿ ಯಾರ್ರೀ?" ಅಂತ ಕೂಗಿದರು. ಹಿಂದೆ ನಿಂತಿದ್ದವರು ನಮ್ಮ ಓಣಿಯವರು. ನಾನು ಕೈ ಎತ್ತಲಿಲ್ಲ. ಮತ್ತೊಮ್ಮೆ ಕೂಗಿದರು. ಆಗ ಶೌಚಾಲಯಕ್ಕೆ ಹೋಗುವವನ ಹಾಗೆ ಸಾಲು ಬಿಟ್ಟು, ಪಕ್ಕದ ಬಾಗಿಲಿಂದ ಹೋಗಿ, "ನಂದ್ರಿ ಅದು" ಅಂದೆ. ಹೆಸರು ಹಿಡಿದು ಕರೆದರೆ ಏನು ಖರ್ಚಾಗುತ್ತಿತ್ತೋ.

ಒಳಗಿನ ಡಾಕ್ಟರು ಮಾತ್ರ ನಿಧಾನಸ್ಥರು. ಬ್ಲಡ್ ಬ್ಯಾಂಕಿನ ಪರೀಕ್ಷೆ ತೋರಿಸುವುದು ವೈರಸ್ ಬಂದಿತ್ತು ಅನ್ನುವುದನ್ನಷ್ಟೆ, ಈಗಲೂ ಇದೆಯೋ ಇಲ್ಲವೋ ಅದು ಬೇರೆ ಲೆಕ್ಕ ಅಂತ ಬಿಡಿಸಿ ಹೇಳಿದರು. ನೂರು ಜನಕ್ಕೆ ಬಂದರೆ 15ರಿಂದ 45 ಜನಕ್ಕೆ ಆರು ತಿಂಗಳೊಳಗೆ ತಾನಾಗಿಯೇ ಹೋಗಿಬಿಡುತ್ತಂತೆ. ಉಳಿದವರಲ್ಲಿ ಕೂತುಬಿಡುತ್ತೆ. ಕೂತವರಲ್ಲಿ 20 ವರ್ಷದೊಳಗೆ ನೂರಕ್ಕೆ 15ರಿಂದ 30 ಜನರ ಲಿವರು ಗಟ್ಟಿಯಾಗಿ ಕೆಡುವ ಸಂಭವ. ನನ್ನದು 27 ವರ್ಷ. ಲೆಕ್ಕ ಬರುವವನಿಗೆ ಇಂಥ ಅಂಕಿ ಹೇಳಬಾರದು, ರಾತ್ರಿ ಎಲ್ಲ ಅದನ್ನೇ ಕೂಡಿಸಿ ಕಳೆಯುತ್ತಾನೆ.

ವೈರಲ್ ಲೋಡಿಗೆ ತೆಗೆದ ರಕ್ತ ಬೇರೆ ಊರಿನ ಲ್ಯಾಬಿಗೆ ಹೋಗಿ ಬರಬೇಕು. ಹದಿನೇಳು ದಿನ ಕಾದೆ. ಬಂದದ್ದು ಒಂದು ಮಿಲಿಲೀಟರಿಗೆ 8,40,000. ಲಾರಿ ಲೋಡಿನ ಲೆಕ್ಕ ಬರೆದು ಬರೆದು ದೊಡ್ಡ ಅಂಕಿಗೆ ಹೆದರದ ನನ್ನ ಕೈ ಅವತ್ತು ನಡುಗಿದ್ದು ಸುಳ್ಳಲ್ಲ. ಡಾಕ್ಟರು ಆ ಅಂಕಿ ಕಡೆ ಹೆಚ್ಚು ನೋಡಲೂ ಇಲ್ಲ. ಲೋಡು ಜಾಸ್ತಿ ಅಂದ ಮಾತ್ರಕ್ಕೆ ಲಿವರು ಜಾಸ್ತಿ ಕೆಟ್ಟಿದೆ ಅಂತಲ್ಲ ಅಂದರು. ಅವರು ಕೇಳಿದ್ದು ಬೇರೆ ಎರಡು: ಲಿವರಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಎಸ್‌ಜಿಒಟಿ ಎಷ್ಟು, ಪ್ಲೇಟ್‌ಲೆಟ್ ಎಷ್ಟು. ಚೀಟಿಯ ಹಿಂದೆ ಲೆಕ್ಕ ಮಾಡಿ ತೋರಿಸಿದರು, ನಾನು ಪಕ್ಕದಲ್ಲೇ ಬಾಯಿಲೆಕ್ಕ ಹಾಕಿದೆ. ಎಸ್‌ಜಿಒಟಿ 64, ಲ್ಯಾಬಿನ ಮೇಲ್ಮಿತಿ 40, ಭಾಗಿಸಿದರೆ 1.6. ನೂರರಿಂದ ಗುಣಿಸಿ 160. ಪ್ಲೇಟ್‌ಲೆಟ್ 2.10 ಲಕ್ಷ, ಅಂದರೆ ಸಾವಿರದ ಲೆಕ್ಕದಲ್ಲಿ 210, ಅದರಿಂದ ಭಾಗಿಸಿದರೆ 0.76. ಇದಕ್ಕೆ ಎಪಿಆರ್‌ಐ ಅಂತಾರಂತೆ. ಎರಡರ ಮೇಲೆ ಹೋಗಿದ್ದರೆ ಲಿವರು ಗಟ್ಟಿಯಾಗಿದೆ ಅಂತ ಹಿಡಿದು ಬೇರೆ ಮಾತ್ರೆ. ಸ್ಕ್ಯಾನಿಂಗಿನಲ್ಲೂ ಅಂಥದ್ದೇನೂ ಕಾಣಲಿಲ್ಲ. "ನಿಮ್ಮ ಪುಣ್ಯ ದೊಡ್ಡದು" ಅಂದರು. ಮೊದಲನೇ ಸಲ ಯಾರೋ ನನ್ನ ಲೆಕ್ಕ ಚುಕ್ತಾ ಮಾಡಿ ತೋರಿಸಿದ ಹಾಗಾಯ್ತು. ಬೇರೆ ರೋಗಿಗಳಿಗೂ ಹೀಗೆ ಮಾಡಿ ತೋರಿಸುತ್ತಾರೋ, ಗುಮಾಸ್ತ ಅಂತ ಗೊತ್ತಾಗಿ ನನಗೆ ಮಾತ್ರವೋ.

ಮಾತ್ರೆ ಶುರುವಾದದ್ದು 2024ರ ಜನವರಿ 10. ಎರಡು ಬಿಳಿ ಪ್ಲಾಸ್ಟಿಕ್ ಡಬ್ಬಿ, ಒಂದರಲ್ಲಿ ಸೋಫೋಸ್ಬುವಿರ್ 400, ಇನ್ನೊಂದರಲ್ಲಿ ಡಕ್ಲಾಟಾಸ್ವಿರ್ 60. ಪ್ರತಿ ಡಬ್ಬಿಯಲ್ಲಿ 28. ಮುಚ್ಚಳ ಒತ್ತಿ ತಿರುವಿದರೆ ಮಾತ್ರ ತೆಗೆಯುತ್ತೆ. ಮೊದಲ ರಾತ್ರಿ ಅದು ಗೊತ್ತಾಗದೆ ಹಲ್ಲಿನಿಂದ ಕಚ್ಚಿ ಗುರುತು ಮಾಡಿದ್ದೇನೆ. ಒಳಗೆ ತೇವ ಹೀರುವ ಸಣ್ಣ ಪೊಟ್ಟಣ. ತೇವಾಂಶದವರು ಇಲ್ಲಿಗೂ ಬಂದಿದ್ದಾರೆ ಅಂತ ನಗು ಬಂತು. ರಾತ್ರಿ ಊಟ ಆದ ಮೇಲೆ ಒಂಬತ್ತಕ್ಕೆ ಎರಡೂ ನುಂಗಿ, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮೂಲೆಗೆ ಒಂದು ಚುಕ್ಕೆ. ಮೊದಲ ವಾರ ತಲೆ ಸ್ವಲ್ಪ ಭಾರ, ಆಮೇಲೆ ಅದೂ ಇಲ್ಲ.

ನಮ್ಮ ಅಳಿಯ ಫೋನಿನಲ್ಲಿ ಓದಿ ಹೇಳಿದರು: "ಮಾವ, ಇದರಾಗ ಈ ಸೋಫೋಸ್ಬುವಿರ್ ಅಮೆರಿಕಾದಾಗ 2013ರಾಗ ಬಂದಾಗ ಒಂದು ಗುಳಿಗಿಗೆ ಸಾವಿರ ಡಾಲರ್ ಇತ್ತಂತ. ಪೂರಾ ಕೋರ್ಸಿಗೆ 84 ಸಾವಿರ ಡಾಲರ್." ಅವತ್ತಿನಿಂದ ಆ ಮಾತ್ರೆ ಕೈಯಿಂದ ಜಾರಿ ಮಂಚದ ಕೆಳಗೆ ಹೋದರೆ ಟಾರ್ಚ್ ಹಿಡಿದು ಹುಡುಕುತ್ತಿದ್ದೆ. ಎರಡು ವರ್ಷ ಕಳೆದು ನಮ್ಮ ದೇಶದ ಕಂಪನಿಗಳು ತಯಾರಿಸತೊಡಗಿದ ಮೇಲೆ ಬೆಲೆ ಇಳಿಯಿತಂತೆ. ವೈರಸ್ ಹುಡುಕಿದ ಮೂವರಿಗೆ 2020ರಲ್ಲಿ ನೊಬೆಲ್ ಸಿಕ್ಕಿದ್ದನ್ನೂ ಅವರೇ ಹೇಳಿದ್ದು. ಲಾಕ್‌ಡೌನ್ ವರ್ಷ, ನಾವೆಲ್ಲ ಬೇರೊಂದು ವೈರಸ್ಸಿನ ಸುದ್ದಿಯಲ್ಲಿದ್ದೆವು.

ಪಥ್ಯದ ವಿಷಯದಲ್ಲಿ ನನಗೊಂದು ದೊಡ್ಡ ಚಿಂತೆ ಇತ್ತು. ಜನವರಿ ಅಂದರೆ ಕೊಪ್ಪಳದ ಗವಿಸಿದ್ದೇಶ್ವರ ಜಾತ್ರೆ, ಮಹಾದಾಸೋಹದಲ್ಲಿ ಮಿರ್ಚಿ. ಅದು ಬಿಡಿ, ಬೆಳಿಗ್ಗೆ ಒಗ್ಗರಣೆ ಮಿರ್ಚಿ ಇಲ್ಲದೆ ನಮ್ಮ ಕಡೆ ಅಂಗಡಿ ಬಾಗಿಲೇ ತೆಗೆಯಲ್ಲ. ಅಂಜುತ್ತಾ ಕೇಳಿದೆ. ಡಾಕ್ಟರು ನಕ್ಕರು. "ಜಾತ್ರಿ ಪ್ರಸಾದ ತಿನ್ರಿ. ಭಾನುವಾರದ್ದು ಮಾತ್ರ ಬಿಡ್ರಿ, ಪೂರ್ತಿ ಬಿಡ್ರಿ." ಭಾನುವಾರ ಗುಂಡು ಹಾಕ್ತೀನಿ ಅಂತ ನಾನು ಹೇಳಿರಲಿಲ್ಲ, ಅವರೇ ಮುಖ ನೋಡಿ ತಿಳಿದರು. ಬಿಟ್ಟೆ. ಬೇರೆ ಏನೇನು ಗುಳಿಗಿ, ಪುಡಿ ತಗೊಳ್ತೀರಿ ಎಲ್ಲ ತಂದು ತೋರಿಸಿ ಅಂದದ್ದೂ ಸರಿಯಾಯ್ತು. ಬಿಪಿ ಮಾತ್ರೆ ಇರಲಿ ಅಂದರು, ಮಿಲ್ಲಿನ ಸಾವ್ಕಾರ್ರು ಕೊಡಿಸಿದ್ದ ಲಿವರ್ ಪುಡಿಯ ಡಬ್ಬಿ ಪಕ್ಕಕ್ಕಿಟ್ಟರು. ಸಾವ್ಕಾರ್ರದ್ದು ಒಳ್ಳೆ ಮನಸ್ಸು. ಕಾಮಣಿಗೆ ನೆಲನೆಲ್ಲಿ ಅರೆದು ಕೊಡುವವರು ಒಬ್ಬರಿದ್ದಾರೆ, ಭಾನುವಾರ ಬರೀ ಹೊಟ್ಟೆಯಲ್ಲಿ ಹೋಗು, ಕಾರು ಕಳಿಸ್ತೀನಿ ಅಂದಿದ್ದರು. ನನಗೆ ಕಾಮಣಿಯೇ ಆಗಿಲ್ಲ ಅಂತ ಅವರನ್ನು ಒಪ್ಪಿಸಲು ನನಗೆ ಆಗಲಿಲ್ಲ. ಕಣ್ಣು ಅಗಲ ಮಾಡಿ ತೋರಿಸಿದೆ, ಆದರೂ ಇಲ್ಲ.

ಇನ್ನೊಂದು ದೂರು ಮುಖ್ಯವಾದದ್ದು. ಫೆಬ್ರವರಿ 6ಕ್ಕೆ ಮೊದಲ ಡಬ್ಬಿ ಖಾಲಿ. 5ನೇ ತಾರೀಕು, ಸೋಮವಾರ, ರಜೆ ಹಾಕಿ ಎರಡು ಬಸ್ ಹತ್ತಿ ಹೋದರೆ ಸ್ಟಾಕ್ ಇಲ್ಲ. "ಗುರುವಾರ ಬರ್ರಿ." ಗುರುವಾರ 8. ಒಂದು ದಿನ ತಪ್ಪುತ್ತೆ. ದಿನ ತಪ್ಪಿಸಬ್ಯಾಡ್ರಿ ಅಂತ ಹೇಳಿದವರು ನೀವೇ ಅಲ್ಲೇನ್ರಿ ಅಂದೆ. ಫಾರ್ಮಸಿಯ ಹುಡುಗ ಭುಜ ಹಾರಿಸಿದ. ನಾನು ಜಗಳಗಂಟ ಅಲ್ಲ, ಆದರೆ ಮಿಲ್ಲಿನಲ್ಲಿ ಲೋಡು ಕಡಿಮೆ ಬಂದಾಗ ಏನು ಮಾಡಬೇಕು ಅಂತ ಗೊತ್ತು. ಎದುರಿಗಿದ್ದ ಬೆಂಚಿನ ಮೇಲೆ ಕೂತೆ. ಊಟದ ಡಬ್ಬಿ ಬಿಚ್ಚಿ ರೊಟ್ಟಿ ತಿಂದೆ, ಮತ್ತೆ ಕೂತೆ. ಎರಡೂವರೆಗೆ ಒಬ್ಬ ಸಿಸ್ಟರ್ ಬಂದು ಏನು ಅಂತ ಕೇಳಿ, ಒಳಗೆ ಹೋಗಿ, ಯಾರ ಡಬ್ಬಿಯಿಂದಲೋ ಏಳು ಏಳು ಮಾತ್ರೆ ಎಣಿಸಿ ಕಂದು ಕವರಿನಲ್ಲಿ ಹಾಕಿ, ಮೇಲೆ ನನ್ನ ಹೆಸರು ಬರೆದು ಕೊಟ್ಟರು. ಆ ಸಿಸ್ಟರಿಂದಲೇ ಇದು ಮೂರು ಸ್ಟಾರಿನಿಂದ ನಾಲ್ಕಕ್ಕೆ ಹೋದದ್ದು. ಆದರೆ ಕೂರಲು ಪುರುಸೊತ್ತು ಇಲ್ಲದ ದಿನಗೂಲಿಯವರು ಏನು ಮಾಡಬೇಕು?

ಮನೆಯ ಕಡೆ ಹೇಳಬೇಕೆಂದರೆ, ಮನೆಯವಳಿಗೂ ಮಗಳಿಗೂ ಪರೀಕ್ಷೆ ಮಾಡಿಸಿದೆವು. ಇಬ್ಬರಿಗೂ ಇಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ, ಕೂಸನ್ನು ಎತ್ತಿಕೊಂಡರೆ, ಕೆಮ್ಮಿದರೆ ಬರುವುದಿಲ್ಲ, ಇದು ರಕ್ತದಿಂದ ರಕ್ತಕ್ಕೆ ಹೋಗುವುದು, ಶೇವಿಂಗ್ ಬ್ಲೇಡು, ಉಗುರು ಕತ್ತರಿ, ಹಲ್ಲುಜ್ಜುವ ಬ್ರಷ್ ಮಾತ್ರ ಬೇರೆ ಇಡಿ ಅಂತ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಆದರೂ ಬಾಣಂತಿ ಮನೆಗೆ ಬಂದಿದ್ದ ನೆಂಟರೊಬ್ಬರು ನನ್ನ ಲೋಟ ತೊಳೆಯದೆ ಬಚ್ಚಲ ಕಟ್ಟೆ ಮೇಲೆ ಬೇರೆ ಇಟ್ಟಿದ್ದರು. ಮನೆಯವಳು ಅದನ್ನು ನೋಡಿದಳು, ಏನೂ ಮಾತಾಡಲಿಲ್ಲ. ಆ ಲೋಟದಲ್ಲೇ ಚಹಾ ಸುರುವಿಕೊಂಡು ಎಲ್ಲರ ನಡುವೆ ಕೂತು ಕುಡಿದಳು.

ಏಪ್ರಿಲ್ 2ಕ್ಕೆ ಕೊನೆಯ ಚುಕ್ಕೆ, ಯುಗಾದಿಗೆ ಒಂದು ವಾರ ಇತ್ತು. ಮುಗಿಯಿತು ಅಂದುಕೊಂಡವರು ಮೋಸ ಹೋಗಬೇಡಿ, ಆಮೇಲೆ 12 ವಾರ ಸುಮ್ಮನೆ ಕಾದು ಮತ್ತೆ ವೈರಲ್ ಲೋಡ್ ಮಾಡಿಸಿದರೇ ಲೆಕ್ಕ ಪೂರ್ಣ. ಬಹಳ ಜನ ಈ ಕೊನೆಯದಕ್ಕೆ ಬರುವುದೇ ಇಲ್ಲ ಅಂತ ಸಿಸ್ಟರ್ ಗೊಣಗಿದರು. ನನಗೆ ಆಶ್ಚರ್ಯ ಆಗಲಿಲ್ಲ. ಮೊದಲೂ ಏನಿಲ್ಲ, ಈಗಲೂ ಏನಿಲ್ಲ, ಇನ್ನೊಂದು ದಿನದ ಕೂಲಿ ಯಾಕೆ ಕಳೆಯಬೇಕು ಅನ್ನಿಸುತ್ತೆ. ಮುಖ ತಿಳಿಯಾಗಿದೆ ಅಂತ ಮನೆಯವಳು ಅಂದಳು. ಅದು ಭಾನುವಾರದ್ದು ಬಿಟ್ಟದ್ದಕ್ಕೆ ಅಂತ ನನ್ನ ಅಂದಾಜು.

ಜೂನ್ ಕೊನೆಗೆ ರಕ್ತ ಕೊಟ್ಟೆ. ಜುಲೈ ಕೊನೆಯ ವಾರ ರಿಪೋರ್ಟಿಗೆ ಹೋದಾಗ ಕಾರಿಡಾರಿನಲ್ಲಿ ಏಣಿ ಹಾಕಿ ಬ್ಯಾನರ್ ಕಟ್ಟುತ್ತಿದ್ದರು, 28ಕ್ಕೆ ವಿಶ್ವ ಹೆಪಟೈಟಿಸ್ ದಿನ. ಏಣಿ ಹಿಡಿದುಕೊಳ್ಳಿ ಅಂತ ನನಗೇ ಹೇಳಿದರು, ಹಿಡಿದುಕೊಂಡೆ. ಆಮೇಲೆ ಒಳಗೆ ಹೋದೆ. ಕಾಗದದಲ್ಲಿ ಅಂಕಿಯೇ ಇರಲಿಲ್ಲ. "ಟಾರ್ಗೆಟ್ ನಾಟ್ ಡಿಟೆಕ್ಟೆಡ್", ಅಂದರೆ ಹುಡುಕಿದ ವೈರಸ್ ಸಿಕ್ಕಿಲ್ಲ. ಸೊನ್ನೆಯಾದರೂ ಬರೆದಿದ್ದರೆ ಗುಮಾಸ್ತನಿಗೆ ಸಮಾಧಾನ ಇರುತ್ತಿತ್ತು. ನೂರಕ್ಕೆ 95ಕ್ಕಿಂತ ಹೆಚ್ಚು ಜನಕ್ಕೆ ಹೀಗೇ ವಾಸಿಯಾಗುತ್ತೆ, ನಿಮ್ಮದೇನು ವಿಶೇಷ ಇಲ್ಲ ಅಂತ ಡಾಕ್ಟರು ಬೆನ್ನು ತಟ್ಟಿದರು. ಲಸಿಕೆ ಇಲ್ಲ, ಮತ್ತೆ ಅಂಟಿದರೆ ಮತ್ತೆ ಬರುತ್ತೆ, ಕಟಿಂಗ್ ಶಾಪಿನಲ್ಲಿ ಹೊಸ ಬ್ಲೇಡು ಕೇಳಿ ಅಂದರು.

ಖರ್ಚಿನ ಲೆಕ್ಕ ಕೇಳುವವರಿಗೆ: ಪರೀಕ್ಷೆ, ಮಾತ್ರೆ ಸೊನ್ನೆ. ಬಸ್ಸು, ಚಹಾ, ಒಂದೆರಡು ಪ್ಲೇಟ್ ಒಗ್ಗರಣೆ, ಒಂಬತ್ತು ದಿನದ ರಜೆ.

ಡಾಕ್ಟರು ಕೊನೆಗೆ ಹೇಳಿದ ಒಂದು ಮಾತನ್ನು ನಾನು ಆಗ ಕಿವಿಗೆ ಹಾಕಿಕೊಂಡಿರಲಿಲ್ಲ. ವೈರಸ್ ಹೋದರೂ ರಕ್ತದಲ್ಲಿ ಅದರ ಗುರುತು ಉಳಿಯುತ್ತೆ, ಕಿಟ್ ಟೆಸ್ಟ್ ಮಾಡಿದಾಗಲೆಲ್ಲ ಗೆರೆ ಮೂಡುತ್ತೆ, ಈ ರಿಪೋರ್ಟು ಜೋಪಾನ. ಡಿಸೆಂಬರಿನಲ್ಲಿ ದವಡೆ ಹಲ್ಲು ಕೀಳಿಸಲು ಹೋದೆ. ಬೆರಳು ಚುಚ್ಚಿ ಕಿಟ್ ಹಾಕಿದರು, ಎರಡು ಗೆರೆ. ಹುಡುಗ ಡಾಕ್ಟರು ಕೈಗವಸಿನ ಮೇಲೆ ಇನ್ನೊಂದು ಕೈಗವಸು ಏರಿಸುತ್ತಾ ಸಹಾಯಕಿಯ ಮುಖ ನೋಡಿದರು. ಕೆನ್ನೆ ಬಾತು ನನಗೆ ಮಾತಾಡಲು ಬರುತ್ತಿರಲಿಲ್ಲ. ಅವತ್ತು ಹಲ್ಲು ಕೀಳಿಸಿಕೊಳ್ಳದೆ ವಾಪಸ್ ಬಂದೆ.

ಮರುದಿನ ಬಸ್ ಸ್ಟ್ಯಾಂಡ್ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಆ ರಿಪೋರ್ಟಿಗೆ ಲ್ಯಾಮಿನೇಶನ್ ಮಾಡಿಸಿದೆ. ಮೂವತ್ತು ರೂಪಾಯಿ. ಹುಡುಗ ಬಿಸಿ ಕಾಗದ ಗಾಳಿಗೆ ಆಡಿಸುತ್ತಾ "ಏನ್ರಿ ಅಂಕಲ್, ಮಾರ್ಕ್ಸ್ ಕಾರ್ಡಾ?" ಅಂದ. ಹೌದಪ್ಪ ಅಂದೆ. ಮಧ್ಯಾಹ್ನ ಹಲ್ಲು ಕಿತ್ತರು.